ನೋಟ್‌ಬುಕ್ಕಿನ ಅಂಕಿ, ಯಂತ್ರದ ಅಂಕಿ

2020ರ ಮಾರ್ಚ್‌ನಲ್ಲಿ ಫೋನಿನಲ್ಲೇ ರೋಗಿಗೆ ಸಲಹೆ ಕೊಡುವ ಟೆಲಿಮೆಡಿಸಿನ್‌ನ ಮಾರ್ಗಸೂಚಿ ಹೊರಬಂದು, ಲಾಕ್‌ಡೌನಿನಿಂದಾಗಿ ರೋಗಿಗಳು ಕ್ಲಿನಿಕ್ಕಿಗೆ ಬರುವುದೂ ನಿಂತುಹೋದಾಗ, ರಕ್ತದೊತ್ತಡವಿದ್ದವರಿಗೆ ಮನೆಯಲ್ಲೇ ಬಿಪಿ ನೋಡಿಕೊಂಡು ವಾಟ್ಸ್ಯಾಪ್‌ನಲ್ಲಿ ಕಳಿಸುವಂತೆ ಹೇಳತೊಡಗಿದೆ. ನಮ್ಮದು ತಾಲ್ಲೂಕು ಕೇಂದ್ರ. ವಯಸ್ಸಾದವರಿಗೆ ಯಂತ್ರ ಬಳಸಲು ಬಾರದು ಎಂಬುದೇ ನನ್ನ ಚಿಂತೆಯಾಗಿತ್ತು. ಬಳಸುವುದನ್ನು ಅವರು ಎರಡೇ ದಿನದಲ್ಲಿ ಕಲಿತರು. ತೊಡಕು ಬೇರೆಡೆ ಇತ್ತು.

ನಿವೃತ್ತ ಮೇಷ್ಟ್ರೊಬ್ಬರು ಗೆರೆ ಎಳೆದು ಬರೆದ ನೋಟ್‌ಬುಕ್ಕಿನ ಫೋಟೊ ಕಳಿಸುತ್ತಿದ್ದರು: 130/80, 120/80, ಮತ್ತೆ 130/80. ಡಿಜಿಟಲ್ ಯಂತ್ರದಲ್ಲಿ ಹೀಗೆ ದಿನವೂ ಸೊನ್ನೆಗೇ ಮುಗಿಯುವ ಅಂಕಿ ಬರುವುದಿಲ್ಲ. ಅವರು ಕ್ಲಿನಿಕ್ಕಿಗೆ ಬಂದಾಗ ಯಂತ್ರವನ್ನೂ ತರಿಸಿ ಮೆಮೊರಿ ಗುಂಡಿ ಒತ್ತಿದೆ; 152/91, 147/88, 156/93. ಜೀವಮಾನವೆಲ್ಲ ಮಕ್ಕಳ ಅಂಕಪಟ್ಟಿ ಬರೆದವರು ತಮ್ಮದನ್ನು ತಾವೇ ತಿದ್ದಿಕೊಂಡಿದ್ದರು. "ಜಾಸ್ತಿ ಬರೆದರೆ ಮಾತ್ರೆ ಏರಿಸ್ತೀರಿ ಡಾಕ್ಟ್ರೇ, ಬೈತೀರಿ ಬೇರೆ" ಎಂದರು.

ಬೈದದ್ದು ನಿಜ. ಕಡಿಮೆ ಬಂದ ದಿನ 'ಗುಡ್' ಎಂದೂ, ಹೆಚ್ಚಾದ ದಿನ 'ಉಪ್ಪಿನಕಾಯಿ ತಿಂದಿರಾ?' ಎಂದೂ ನಾನೇ ಉತ್ತರಿಸುತ್ತಿದ್ದೆ. ಅಂದಿನಿಂದ ದಿನದ ಅಂಕಿಗೆ ಪ್ರತಿಕ್ರಿಯಿಸುವುದನ್ನು ಬಿಟ್ಟೆ. ತೀರಾ ಏರಿದಾಗ ಅಥವಾ ಎದೆನೋವು, ಉಬ್ಬಸ, ಮಾತು ತೊದಲುವಿಕೆ ಕಂಡಾಗ ಮಾತ್ರ ರೋಗಿಗಳು ಕೂಡಲೇ ನನಗೆ ಕರೆ ಮಾಡಬೇಕು. ಉಳಿದಂತೆ ಏಳು ದಿನ ಬೆಳಿಗ್ಗೆ ಸಂಜೆ ಎರಡೆರಡು ಬಾರಿ ನೋಡಿ, ಮೊದಲ ದಿನದ್ದನ್ನು ಕೈಬಿಟ್ಟು ಸರಾಸರಿ ತೆಗೆಯುತ್ತೇವೆ. ಬಿಪಿ ಹೆಚ್ಚೆನ್ನಲು ಕ್ಲಿನಿಕ್ಕಿನಲ್ಲಿ 140/90 ಗಡಿಯಾದರೆ ಮನೆಯಲ್ಲಿ 135/85 ಎಂಬುದನ್ನೂ ಮೊದಲೇ ತಿಳಿಸುತ್ತೇನೆ. ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತುವುದು, ಅಳೆಯುವಾಗ ಮಾತಾಡುವುದು ಮುಂತಾದ ತಪ್ಪುಗಳನ್ನು ಎದುರಿಗೆ ಕೂರಿಸಿ ಒಮ್ಮೆ ತೋರಿಸಿದರೆ ಸಾಕು.

ಇನ್ನೊಬ್ಬ ತಾಯಿಗೆ ದುಬೈಯಲ್ಲಿರುವ ಮಗ, ಅಳತೆ ನೇರವಾಗಿ ತನ್ನ ಫೋನಿಗೇ ತಲುಪುವ ಯಂತ್ರ ತಂದುಕೊಟ್ಟಿದ್ದ. ಪಟ್ಟಿ ಬಿಚ್ಚುವ ಮೊದಲೇ ಅವನ ಕರೆ. ತಿಂಗಳೊಳಗೆ ಯಂತ್ರ ಬೀರುವಿನಲ್ಲಿ ಸೀರೆಗಳ ಕೆಳಗೆ ಸೇರಿತ್ತು. ಆಕೆಗೆ ತಂತ್ರಜ್ಞಾನದ ಭಯವಿರಲಿಲ್ಲ, ಕಾವಲು ಬೇಡವಾಗಿತ್ತು. ವಾರದ ಸರಾಸರಿಯನ್ನಷ್ಟೇ ಮಗನಿಗೆ ಆಕೆಯೇ ತಿಳಿಸುವುದೆಂದು ಒಪ್ಪಿಸಿದ ಮೇಲೆ ಅದು ಹೊರಬಂತು.

ಮೇಷ್ಟ್ರ ಈಚಿನ ಪುಟದಲ್ಲಿ 158/92 ಇತ್ತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ, 'ಮದುವೆ ಊಟ, ಹಪ್ಪಳ ನಾಲ್ಕು'. ಆ ವಾರದ ಸರಾಸರಿ 137/84. ಮಾತ್ರೆಯನ್ನು ಹಾಗೆಯೇ ಬಿಟ್ಟು, ಇನ್ನೊಂದು ವಾರದ ಅಳತೆ ಕೇಳಿದ್ದೇನೆ.