ಕೂದಲಿಲ್ಲದ ಬೆಕ್ಕಿನ ಮರಿಯನ್ನು ಆರಿಸುವ ಮುನ್ನ

ಕೂದಲಿಲ್ಲದ ಅಥವಾ ಅಪರೂಪದ ತಳಿಯ ಬೆಕ್ಕನ್ನು ಸಾಕಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಮರಿಯ ಬಣ್ಣ, ಕಣ್ಣು, ಚರ್ಮದ ಸುಕ್ಕುಗಳನ್ನು ನೋಡಿ ಆರಿಸಿಬಿಡುತ್ತಾರೆ. ಆದರೆ ಆ ಮರಿ ಮುಂದೆ ಎಷ್ಟು ಕಾಲ, ಎಷ್ಟು ಸುಖವಾಗಿ ಬದುಕುತ್ತದೆ ಎಂಬುದು ಬಹುಮಟ್ಟಿಗೆ ಎರಡೇ ವಿಷಯಗಳನ್ನು ಅವಲಂಬಿಸಿದೆ: ಅದನ್ನು ಹೆತ್ತ ಬೆಕ್ಕುಗಳ ಆರೋಗ್ಯ ಮತ್ತು ಸಾಕುವವರು ಪ್ರತಿವಾರ ಅದರ ಮೈಗೆ ಕೊಡಬಲ್ಲ ಸಮಯ. ಈ ಎರಡನ್ನು ವಿಚಾರಿಸಿ ತೃಪ್ತರಾದ ಮೇಲೆಯೇ ಬಣ್ಣದ ಮಾತು ಬರಬೇಕು.

ತಳಿಗಳಲ್ಲಿ ಮೊದಲು ನೆನಪಾಗುವುದು ಸ್ಫಿಂಕ್ಸ್. 1966ರಲ್ಲಿ ಕೆನಡಾದ ಟೊರಾಂಟೊದಲ್ಲಿ ಸಾಧಾರಣ ಮನೆಬೆಕ್ಕೊಂದಕ್ಕೆ ಬೋಳು ಮರಿ ಹುಟ್ಟಿದಾಗ ಈ ತಳಿಯ ಪ್ರಯತ್ನ ಆರಂಭವಾಯಿತು. ಇಂದಿನ ಸ್ಫಿಂಕ್ಸ್‌ಗಳು ಹೆಚ್ಚಾಗಿ 1970ರ ದಶಕದಲ್ಲಿ ಟೊರಾಂಟೊ ಮತ್ತು ಅಮೆರಿಕದ ಮಿನೆಸೋಟದಲ್ಲಿ ಸಿಕ್ಕ ಬೆಕ್ಕುಗಳ ಸಂತತಿ. ಇದರ ಬೋಳುತನ ತಂದೆ ತಾಯಿ ಇಬ್ಬರ ಕಡೆಯಿಂದಲೂ ಬಂದರೆ ಮಾತ್ರ ಮರಿಯಲ್ಲಿ ಕಾಣಿಸುತ್ತದೆ. 1987ರಲ್ಲಿ ರಷ್ಯಾದ ರೊಸ್ತೊವ್ ನಗರದಲ್ಲಿ ಕಂಡುಬಂದ ಡಾನ್‌ಸ್ಕಾಯ್ ತಳಿಯದು ಬೇರೆಯದೇ ಜೀನ್, ಅಲ್ಲಿ ಒಂದು ಕಡೆಯಿಂದ ಬಂದರೂ ಸಾಕು. ಡಾನ್‌ಸ್ಕಾಯ್ ಬೆಕ್ಕನ್ನು ಓರಿಯೆಂಟಲ್ ಶಾರ್ಟ್‌ಹೇರ್ ಜೊತೆ ಕೂಡಿಸಿ 1994ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ರೂಪಿಸಿದ್ದು ಪೀಟರ್‌ಬಾಲ್ಡ್. ಕೊಳ್ಳುವವರಿಗೆ ಈ ವ್ಯತ್ಯಾಸ ಏಕೆ ಬೇಕೆಂದರೆ, ಡಾನ್‌ಸ್ಕಾಯ್ ಮತ್ತು ಪೀಟರ್‌ಬಾಲ್ಡ್ ಮರಿಗಳಲ್ಲಿ ಕೆಲವು ಪೂರ್ತಿ ಬೋಳಾಗಿಯೂ, ಕೆಲವು ಮಕಮಲ್ಲಿನಂಥ ಅಥವಾ ಒರಟು ತುಪ್ಪಳದೊಂದಿಗೂ ಹುಟ್ಟುತ್ತವೆ, ಮತ್ತು ಹುಟ್ಟಿದಾಗ ಇದ್ದ ಕೂದಲು ಬೆಳೆಯುತ್ತಾ ಉದುರಬಹುದು. ಸ್ಫಿಂಕ್ಸ್ ಕೂಡ ಸಂಪೂರ್ಣ ಬೋಳಲ್ಲ. ಬಹುತೇಕ ಬೆಕ್ಕುಗಳ ಮೈಮೇಲೆ ಬೆರಳಿಗೆ ತಾಗುವಷ್ಟು ನವಿರಾದ ರೋಮವಿರುತ್ತದೆ.

ಅಲರ್ಜಿ ಇರುವವರು ಈ ತಳಿಗಳತ್ತ ಒಲಿಯುವುದು ಸಹಜ, ಆದರೆ ಇಲ್ಲಿ ದೊಡ್ಡದೊಂದು ತಪ್ಪು ತಿಳಿವಳಿಕೆ ಇದೆ. ಬೆಕ್ಕಿನಿಂದ ಬರುವ ಅಲರ್ಜಿಗೆ ಮುಖ್ಯ ಕಾರಣ ಕೂದಲಲ್ಲ, ಫೆಲ್ ಡಿ 1 ಎಂಬ ಪ್ರೋಟೀನು. ಅದು ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದ ಎಣ್ಣೆ ಗ್ರಂಥಿಗಳಲ್ಲಿಯೂ ಉತ್ಪತ್ತಿಯಾಗುವುದರಿಂದ ಕೂದಲಿಲ್ಲದ ಬೆಕ್ಕಿನಲ್ಲಿಯೂ ಇದ್ದೇ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಸೀನು, ಕಣ್ಣುರಿ ಅಥವಾ ಉಬ್ಬಸದ ತೊಂದರೆಯಿದ್ದರೆ, ಮರಿಯನ್ನು ಕಾಯ್ದಿರಿಸುವ ಮೊದಲೇ ಅವರನ್ನು ಕರೆದೊಯ್ದು, ಬೆಳೆದ ಬೆಕ್ಕುಗಳಿರುವ ಕೋಣೆಯಲ್ಲಿ ಒಂದೆರಡು ಗಂಟೆ ಕೂರಿಸಿ, ಬೇರೊಂದು ದಿನ ಮತ್ತೆ ಅದೇ ರೀತಿ ನೋಡಬೇಕು. ಉಬ್ಬಸ ಇರುವವರು ವೈದ್ಯರನ್ನು ಕೇಳದೆ ಈ ಪರೀಕ್ಷೆಯನ್ನೂ ಮಾಡಬಾರದು. ಒಂದು ತಿಂಗಳ ನಂತರ ಬೆಕ್ಕನ್ನು ಹಿಂದಿರುಗಿಸುವ ದುಃಖ ಮನೆಯವರಿಗೂ ಆ ಪ್ರಾಣಿಗೂ ಬೇಡ.

ಇನ್ನು ನಿತ್ಯದ ಕೆಲಸ. ಸಾಮಾನ್ಯ ಬೆಕ್ಕಿನಲ್ಲಿ ಚರ್ಮದ ಎಣ್ಣೆಯನ್ನು ತುಪ್ಪಳ ಹೀರಿಕೊಳ್ಳುತ್ತದೆ. ಕೂದಲಿಲ್ಲದ ಬೆಕ್ಕಿನಲ್ಲಿ ಅದು ಮೈಮೇಲೆಯೇ ನಿಂತು, ಹಾಸಿಗೆ, ದಿಂಬು, ಸೋಫಾಗಳ ಮೇಲೆ ಕಂದು ಕಲೆಯಾಗಿ ಇಳಿಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಅಥವಾ ಆಯಾ ಬೆಕ್ಕಿನ ಚರ್ಮಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚುಕಡಿಮೆ ಅಂತರದಲ್ಲಿ, ಬೆಕ್ಕುಗಳಿಗೆಂದೇ ಇರುವ ಸೌಮ್ಯ ಶಾಂಪೂ ಹಚ್ಚಿ ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸಿ, ತಕ್ಷಣ ಒರೆಸಿ ಬೆಚ್ಚಗಿಡಬೇಕಾಗುತ್ತದೆ. ಪದೇ ಪದೇ ತೊಳೆದರೆ ಚರ್ಮ ಒಣಗಿ, ತುರಿಕೆ ಶುರುವಾಗುತ್ತದೆ. ಕಿವಿಯೊಳಗೆ ಕೂದಲಿಲ್ಲದ್ದರಿಂದ ಕಪ್ಪು-ಕಂದು ಬಣ್ಣದ ಗುಗ್ಗೆ ಬೇಗ ತುಂಬುತ್ತದೆ. ಬೆಕ್ಕಿನ ಪಾದವನ್ನು ಅಂಗೈಯಲ್ಲಿ ಹಿಡಿದು ಬೆರಳನ್ನು ಮೆಲ್ಲಗೆ ಒತ್ತಿದರೆ ಉಗುರು ಹೊರಬರುತ್ತದೆ. ಅದರ ಬುಡದ ಸುತ್ತಲಿನ ಚರ್ಮದ ಮಡಿಕೆಯಲ್ಲಿ ಅಂಟಂಟಾದ ಕಂದು ಜಿಡ್ಡು ಕೂತಿರುವುದು ಕಾಣುತ್ತದೆ. ಒದ್ದೆ ಹತ್ತಿಯಿಂದ ಅದನ್ನು ಒಂದೊಂದೇ ಬೆರಳಿನಲ್ಲಿ ಬಿಡಿಸುವಷ್ಟು ತಾಳ್ಮೆ ಮನೆಯಲ್ಲಿ ಒಬ್ಬರಿಗಾದರೂ ಇರಬೇಕು. ಇದಲ್ಲದೆ ಈ ಬೆಕ್ಕುಗಳಿಗೆ ಚಳಿ ಬೇಗ ತಟ್ಟುತ್ತದೆ, ಬಿಸಿಲಿಗೆ ಚರ್ಮ ಸುಡುತ್ತದೆ, ಮೈ ಬೆಚ್ಚಗಿಡಲು ಹೆಚ್ಚು ಶಕ್ತಿ ವ್ಯಯವಾಗುವುದರಿಂದ ಊಟವೂ ಹೆಚ್ಚು ಬೇಕು. ಇವನ್ನು ಮನೆಯೊಳಗೇ ಸಾಕಬೇಕು. ದಿನವಿಡೀ ಯಾರೂ ಇಲ್ಲದ ಮನೆ ಇವುಗಳಿಗೆ ಒಗ್ಗುವುದಿಲ್ಲ. ಸ್ಫಿಂಕ್ಸ್ ಮನುಷ್ಯರ ಮಗ್ಗುಲನ್ನು ಬಿಟ್ಟಿರಲು ಇಷ್ಟಪಡದ ತಳಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಹೃದಯದ ವಿಷಯದಲ್ಲಿ. ಹೃದಯದ ಗೋಡೆಯ ಸ್ನಾಯು ದಪ್ಪವಾಗುತ್ತಾ ಹೋಗುವ, ಎಚ್‌ಸಿಎಂ ಎಂದು ಪಶುವೈದ್ಯರು ಕರೆಯುವ ಕಾಯಿಲೆ ಸ್ಫಿಂಕ್ಸ್, ಮೇನ್ ಕೂನ್, ರ್‍ಯಾಗ್‌ಡಾಲ್ ತಳಿಗಳಲ್ಲಿ ಹೆಚ್ಚಾಗಿ ಕಾಣಿಸುತ್ತದೆ. ಮರಿಯಾಗಿದ್ದಾಗ ಇದರ ಸುಳಿವೇ ಸಿಗದೆ, ವರ್ಷಗಳ ನಂತರ ಉಸಿರಾಟದ ತೊಂದರೆಯಾಗಿಯೋ, ಹಿಂಗಾಲುಗಳು ಇದ್ದಕ್ಕಿದ್ದಂತೆ ಸ್ವಾಧೀನ ತಪ್ಪುವ ರೂಪದಲ್ಲಿಯೋ, ಹಠಾತ್ ಸಾವಾಗಿಯೋ ಎರಗಬಹುದು. ಆದ್ದರಿಂದ ಮರಿಯ ಎದೆಗೆ ಸ್ಟೆತಸ್ಕೋಪ್ ಇಟ್ಟು ‘ಚೆನ್ನಾಗಿದೆ’ ಎಂದು ಹೇಳಿಸಿಕೊಂಡರೆ ಸಾಲದು; ಅದರ ತಂದೆ ಮತ್ತು ತಾಯಿಗೆ ಇತ್ತೀಚೆಗೆ ಎಕೋಕಾರ್ಡಿಯೋಗ್ರಾಮ್ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯಾಗಿದೆಯೇ, ಅದು ವರ್ಷಕ್ಕೊಮ್ಮೆ ಮರುಕಳಿಸಿದೆಯೇ ಎಂಬುದನ್ನು ವರದಿಯ ಸಮೇತ ಕೇಳಬೇಕು. ವರದಿಯಲ್ಲಿರುವ ಮೈಕ್ರೋಚಿಪ್ (ಚರ್ಮದಡಿ ಇಡುವ ಗುರುತಿನ ಚಿಪ್) ಸಂಖ್ಯೆಯೂ ಎದುರಿಗಿರುವ ಬೆಕ್ಕಿನ ಸಂಖ್ಯೆಯೂ ಒಂದೇ ಎಂದು ಖಾತ್ರಿ ಮಾಡಿಕೊಳ್ಳುವುದರಲ್ಲಿ ಸಂಕೋಚ ಬೇಡ. ಮೇನ್ ಕೂನ್‌ನಲ್ಲಿ 2005ರಲ್ಲಿಯೂ ರ್‍ಯಾಗ್‌ಡಾಲ್‌ನಲ್ಲಿ 2007ರಲ್ಲಿಯೂ ಈ ಕಾಯಿಲೆಗೆ ಸಂಬಂಧಿಸಿದ ಜೀನ್ ದೋಷಗಳು ಪತ್ತೆಯಾಗಿ, ಅವಕ್ಕೆ ಪರೀಕ್ಷೆಗಳು ಬಂದಿವೆ. ಆದರೆ ಜೀನ್ ಪರೀಕ್ಷೆ ಶುದ್ಧವಾಗಿ ಬಂದ ಬೆಕ್ಕಿಗೂ ಕಾಯಿಲೆ ಬರಬಹುದಾದ್ದರಿಂದ ಅದು ಎಕೋ ಪರೀಕ್ಷೆಯ ಬದಲಿಯಲ್ಲ. ಸ್ಫಿಂಕ್ಸ್ ಮತ್ತು ಡೆವೊನ್ ರೆಕ್ಸ್ ತಳಿಗಳಲ್ಲಿ ಸ್ನಾಯುಗಳು ಬಲಹೀನವಾಗುವ ಒಂದು ಆನುವಂಶಿಕ ಕಾಯಿಲೆಯೂ ಇದೆ. ಅದಕ್ಕೂ ಜೀನ್ ಪರೀಕ್ಷೆ ಉಂಟು. ಈ ಪ್ರಶ್ನೆಗಳಿಗೆ ತಳಿಗಾರರು ಬೇಸರಪಟ್ಟರೆ ಅಥವಾ ‘ನಮ್ಮ ಬೆಕ್ಕುಗಳಿಗೆ ಅಂಥದ್ದೇನೂ ಇಲ್ಲ’ ಎಂದು ಮಾತಿನಲ್ಲೇ ಮುಗಿಸಿದರೆ, ಮರಿ ಎಷ್ಟೇ ಮುದ್ದಾಗಿದ್ದರೂ ಅಲ್ಲಿಂದ ಹೊರಟುಬಿಡುವುದು ಒಳ್ಳೆಯದು.

ಅಪರೂಪದ ತಳಿಗಳಲ್ಲಿ ಕೆಲವನ್ನು ಕೊಳ್ಳಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಸ್ಕಾಟಿಷ್ ಫೋಲ್ಡ್‌ನ ಕಿವಿ ಮಡಿಸುವ ಜೀನೇ ದೇಹದ ಮೃದ್ವಸ್ಥಿಯನ್ನು ಕೆಡಿಸುತ್ತದೆ. ಮಡಿಸಿದ ಕಿವಿಯ ಬೆಕ್ಕುಗಳು ಕೀಲುನೋವಿಗೆ ತುತ್ತಾಗುತ್ತವೆ, ಕೆಲವು ನಡೆಯಲೂ ಕಷ್ಟಪಡುತ್ತವೆ. ಗಿಡ್ಡ ಕಾಲಿನ ಮಂಚ್‌ಕಿನ್ ಮತ್ತು ಅದನ್ನು ಸ್ಫಿಂಕ್ಸ್ ಜೊತೆ ಕೂಡಿಸಿದ ಬ್ಯಾಂಬಿನೊ ತಳಿಗಳ ಬಗ್ಗೆಯೂ ಇದೇ ಮಾತು. ಸರ್ವಲ್ ಎಂಬ ಕಾಡುಬೆಕ್ಕಿನ ರಕ್ತವಿರುವ ಸವಾನಾ ಬೆಕ್ಕುಗಳನ್ನು, ವಿಶೇಷವಾಗಿ ಮೊದಲ ಪೀಳಿಗೆಗಳವನ್ನು, ಸಾಧಾರಣ ಮನೆಯಲ್ಲಿ ನಿಭಾಯಿಸುವುದು ಕಠಿಣ. ಹಲವೆಡೆ ಅದಕ್ಕೆ ಕಾನೂನಿನ ನಿರ್ಬಂಧವೂ ಇದೆ. ಆಯಾ ದೇಶದ ನಿಯಮವನ್ನು ಮುಂಗಡ ಕೊಡುವ ಮೊದಲೇ ತಿಳಿದುಕೊಳ್ಳಬೇಕು. ವಿಶಿಷ್ಟ ರೂಪವೂ ಬೇಕು, ಚರ್ಮದ ಆರೈಕೆ ಅಷ್ಟು ಇರಬಾರದು ಎನ್ನುವವರು ತೆಳ್ಳನೆಯ ಗುಂಗುರು ತುಪ್ಪಳದ ಡೆವೊನ್ ರೆಕ್ಸ್ ಅನ್ನು ಪರಿಗಣಿಸಬಹುದು.

ಮರಿಯನ್ನು ಅದು ಹುಟ್ಟಿ ಬೆಳೆದ ಮನೆಯಲ್ಲಿಯೇ, ತಾಯಿಯ ಜೊತೆಯಲ್ಲಿಯೇ ನೋಡಬೇಕು. ಚಿತ್ರ ತೋರಿಸಿ ಮುಂಗಡ ಕೇಳುವವರಿಂದಲೂ ಬೇರೆಲ್ಲೋ ಮರಿ ತಂದು ಕೊಡುತ್ತೇವೆ ಎನ್ನುವವರಿಂದಲೂ ದೂರವಿರಬೇಕು. ಸಾಮಾನ್ಯ ಮರಿಯ ಕೂದಲು ಬೋಳಿಸಿ ಅಥವಾ ಕ್ರೀಮ್ ಹಚ್ಚಿ ತೆಗೆದು ಸ್ಫಿಂಕ್ಸ್ ಎಂದು ಮಾರಿದ ಪ್ರಕರಣಗಳು ನಡೆದಿವೆ. ಬೆನ್ನ ಮೇಲೆ ಬಾಲದಿಂದ ತಲೆಯ ಕಡೆಗೆ ಬೆರಳು ಎಳೆದಾಗ ಚುಚ್ಚುವ ಮೋಟುಗೂದಲು ಸಿಕ್ಕರೆ, ಚರ್ಮ ಕೆಂಪಾಗಿ ಗಾಯಗೊಂಡಿದ್ದರೆ ಅನುಮಾನಿಸಬೇಕು. ನಿಜವಾದ ಸ್ಫಿಂಕ್ಸ್ ಮರಿಯ ಮೀಸೆ ಗಿಡ್ಡವಾಗಿಯೋ ಸುರುಳಿಯಾಗಿಯೋ ಇರುತ್ತದೆ, ಇಲ್ಲವೇ ಇರುವುದೇ ಇಲ್ಲ. ಉದ್ದನೆಯ ನೆಟ್ಟನೆಯ ಮೀಸೆ ಬೇರೆ ಕಥೆ ಹೇಳುತ್ತದೆ. ಕಣ್ಣು, ಮೂಗು ಸೋರದೆ, ಹಿಂಭಾಗ ಶುಚಿಯಾಗಿದ್ದು, ಹೊಟ್ಟೆ ಬಿಗಿದು ಉಬ್ಬಿರದೆ, ಎತ್ತಿಕೊಂಡಾಗ ಸ್ವಲ್ಪ ಹೊತ್ತಿನಲ್ಲಿ ಸಡಿಲಗೊಳ್ಳುವ ಮರಿಯನ್ನು ಆರಿಸಬೇಕು. ಮೂಲೆ ಸೇರಿದ ಮರಿಯ ಮೇಲೆ ಕನಿಕರ ಹುಟ್ಟುವುದು ಸಹಜವಾದರೂ, ಅದು ಹೆದರಿದೆಯೋ ಕಾಯಿಲೆ ಬಿದ್ದಿದೆಯೋ ಎಂದು ಪಶುವೈದ್ಯರೇ ಹೇಳಬೇಕು.

ಮರಿಗೆ ಕನಿಷ್ಠ 12 ವಾರ ತುಂಬಿರಬೇಕು. ಅಷ್ಟರೊಳಗೆ ಜಂತಿನ ಔಷಧಿಯೂ ಲಸಿಕೆಯ ಮೊದಲ ಸುತ್ತುಗಳೂ ಆಗಿದ್ದು, ದಿನಾಂಕಗಳು ಪುಸ್ತಕದಲ್ಲಿ ನಮೂದಾಗಿರಬೇಕು. ಬೆಕ್ಕಿನ ತಳಿಗಳನ್ನು ದಾಖಲಿಸುವ ಟಿಕಾ, ಸಿಎಫ್ಎ, ಫಿಫೆಯಂಥ ಅಂತರರಾಷ್ಟ್ರೀಯ ಸಂಸ್ಥೆಗಳ ನೋಂದಣಿ ಪತ್ರ ವಂಶಾವಳಿಗೆ ಸಾಕ್ಷಿಯೇ ಹೊರತು ಆರೋಗ್ಯಕ್ಕಲ್ಲ. ಆನುವಂಶಿಕ ಕಾಯಿಲೆ ಕಂಡುಬಂದರೆ ತಳಿಗಾರರ ಹೊಣೆ ಏನು, ಸಾಕಲಾಗದಿದ್ದರೆ ಬೆಕ್ಕನ್ನು ವಾಪಸು ತೆಗೆದುಕೊಳ್ಳುತ್ತಾರೆಯೇ ಎಂಬುದು ಬರಹದಲ್ಲಿರಲಿ. ಮನೆಗೆ ತಂದ ಎರಡು ಮೂರು ದಿನಗಳೊಳಗೆ ನಿಮ್ಮದೇ ಪಶುವೈದ್ಯರಿಗೆ ತೋರಿಸಿ, ಮೊದಲ ಕೆಲವು ವಾರ ತಳಿಗಾರರ ಮನೆಯಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಮುಂದುವರಿಸಿ, ಹೊಸ ಆಹಾರವನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪವಾಗಿ ಬೆರೆಸಬೇಕು. ಮೊದಲ ಸ್ನಾನವನ್ನು ಮರಿ ಮನೆಗೆ ಹೊಂದಿಕೊಳ್ಳುವವರೆಗೆ ಮುಂದೂಡಬಹುದು. ಆದರೆ ಕಿವಿ ಮುಟ್ಟಿಸಿಕೊಳ್ಳುವುದನ್ನೂ ಪಾದ ಹಿಡಿಸಿಕೊಳ್ಳುವುದನ್ನೂ ಮೊದಲ ವಾರದಿಂದಲೇ, ದಿನಕ್ಕೆ ಒಂದೆರಡು ನಿಮಿಷ, ಅದಕ್ಕೆ ಪ್ರಿಯವಾದ ತಿನಿಸು ಕೊಡುತ್ತಾ ರೂಢಿ ಮಾಡಿಸಬೇಕು.