ಅಡಿಕೆ ಸಿಪ್ಪೆಯಿಂದ ಪೆರಾಕ್ಸಿಡೇಸ್ ತೆಗೆದದ್ದು: ನನ್ನ ಅನುಭವ

ಅಡಿಕೆ ಸಿಪ್ಪೆಯಲ್ಲಿ ಚೊಗರು ಬಿಟ್ಟರೆ ಬೇರೇನೂ ಸಿಗಲ್ಲ, ಅದರಲ್ಲಿ ಲಿಗ್ನಿನ್ (ಗಿಡದ ನಾರನ್ನು ಗಟ್ಟಿ ಮಾಡುವ ವಸ್ತು) ಕಟ್ಟುವ ಪೆರಾಕ್ಸಿಡೇಸ್ ಎಂಜೈಮ್ ಅಳೆಯೋಕೆ ಹೋಗಬೇಡ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಎರಡು ವರ್ಷ ಅವರ ಮಾತೇ ಗೆದ್ದಿತ್ತು. ತೀರ್ಥಹಳ್ಳಿ ಕಡೆಯ ನಮ್ಮ ತೋಟದಿಂದ ಎಳೆ ಕಾಯಿ ತಂದು, ಶಿವಮೊಗ್ಗದ ಲ್ಯಾಬ್‌ನಲ್ಲಿ ಅರೆದು, ಸೆಂಟ್ರಿಫ್ಯೂಜ್ ಮಾಡಿದರೆ ಮೇಲಿನ ತಿಳಿ ಹತ್ತು ನಿಮಿಷದಲ್ಲಿ ಕಾಫಿ ಬಣ್ಣಕ್ಕೆ ತಿರುಗುತ್ತಿತ್ತು. ಪೆರಾಕ್ಸೈಡ್ ಜೊತೆ ಈ ಎಂಜೈಮ್ ಸಿಕ್ಕರೆ ಕೆಂಪಗಾಗುವ ಗ್ವಾಯಕಾಲ್ ಅನ್ನೋ ರಾಸಾಯನಿಕ ಹಾಕಿ, ಆ ಬಣ್ಣವನ್ನು ಯಂತ್ರದಲ್ಲಿ 470 ನ್ಯಾನೋಮೀಟರ್ ಬೆಳಕಿನಲ್ಲಿ ಓದಿದರೆ ರೀಡಿಂಗ್ ಅಲ್ಲಾಡುತ್ತಿರಲಿಲ್ಲ.

ಚೊಗರನ್ನು ಹಿಡಿದಿಡೋಕೆ ಮೊದಲು ಪಿವಿಪಿ ಅನ್ನೋ ನೀರಲ್ಲಿ ಕರಗುವ ಪುಡಿ ಹಾಕಿದೆ, ದುಡ್ಡು ದಂಡ. ಅದರದ್ದೇ ಕರಗದ ರೂಪ ಪಿವಿಪಿಪಿ ತರಿಸಿದ ಮೇಲೆ ತಿಳಿ ತಿಳಿಯಾಗೇ ಉಳಿಯಿತು. ಆ ಡಬ್ಬಕ್ಕೇ ಆರೇಳು ಸಾವಿರ ಆಯ್ತು, ಸ್ವಂತ ಜೇಬಿಂದ. ಸಿಪ್ಪೆಯನ್ನು ಥಟ್ಟನೆ ಹೆಪ್ಪುಗಟ್ಟಿಸುವ ಲಿಕ್ವಿಡ್ ನೈಟ್ರೋಜನ್‌ಗೆ ಬೆಂಗಳೂರಿಗೆ ಹೋಗಬೇಕಾಗಲಿಲ್ಲ, ಹಸುಗಳಿಗೆ ಇಂಜೆಕ್ಷನ್ ಕೊಡುವ ಪರಿಚಯದ ಡಾಕ್ಟರು ಹೋರಿ ವೀರ್ಯ ಇಡುವಂಥದ್ದೇ ಒಂದು ಹಳೇ ಕ್ಯಾನ್‌ನಲ್ಲಿ ಎರಡು ಲೀಟರ್ ತುಂಬಿಸಿ ಕೊಟ್ಟರು. ಸಿಪ್ಪೆಯನ್ನು ತೋಟದಲ್ಲೇ ಸುಲಿದು ಅದರಲ್ಲಿ ಮುಳುಗಿಸಿದೆ. ಆದರೂ ತಿಳಿಯಲ್ಲಿ ಎಂಜೈಮಿನ ಆಕ್ಟಿವಿಟಿ ತೀರಾ ಕಡಿಮೆ.

ಒಂದು ಸಂಜೆ ಕರೆಂಟ್ ಹೋಗಿತ್ತು, ಸುಮ್ನೆ ಟ್ಯೂಬ್ ತೊಳೆಯುತ್ತಿದ್ದೆ. ಉಳಿದ ಗ್ವಾಯಕಾಲ್, ಪೆರಾಕ್ಸೈಡ್ ಮಿಶ್ರಣ ತಳದ ಗಷ್ಟಿನ ಮೇಲೆ ಬಿತ್ತು. ಟಾರ್ಚ್ ಬೆಳಕಲ್ಲೇ ಕಂಡಿತು, ಬೂದು ಗಷ್ಟು ಅಂಚಿನಿಂದ ಶುರುವಾಗಿ ನೋಡನೋಡುತ್ತಿದ್ದಂತೆ ಹೆಂಚಿನ ಬಣ್ಣಕ್ಕೆ ತಿರುಗಿತು. ಅಷ್ಟು ದಿನ ನಾನು ಸಿಂಕಿಗೆ ಚೆಲ್ಲಿದ್ದೇ ನನಗೆ ಬೇಕಾದ ಎಂಜೈಮ್! ಕೋಶಭಿತ್ತಿಗೆ ಅಂಟಿಕೊಂಡ ಪೆರಾಕ್ಸಿಡೇಸ್ ಅಲ್ಲೇ ಇರುತ್ತೆ, ತಿಳಿಯಲ್ಲಿ ಬರೋದು ಬೇರೆಯದೇ ಪಾಲು.

ಮರುದಿನ ಗಷ್ಟನ್ನು ಬಫರ್‌ನಲ್ಲಿ ತೊಳೆದು, 1 ಮೋಲಾರ್ ಉಪ್ಪಿನ ಬಫರ್ ಹಾಕಿ ಐಸ್ ಮೇಲೆ ಅಲ್ಲಾಡಿಸಿದೆ. ತಿಳಿಗಿಂತ ಹೆಚ್ಚುಕಡಿಮೆ ನಾಲ್ಕು ಪಟ್ಟು ಬಂತು. ಎಷ್ಟು ಸಲ ತೊಳೆಯಬೇಕು, ಯಾವ ತೊಳೆತಕ್ಕೆ ಏನು ಸೇರಿಸಬೇಕು ಅನ್ನೋದನ್ನು ಈಗ ಹೇಳಲ್ಲ, ಇದರ ಮೇಲೇ ಬರೆಯುತ್ತಿರುವ ಹುಡುಗಿಯೊಬ್ಬಳ ಪ್ರಬಂಧ ಮುಗಿಯಲಿ.

ಮೊದಲು ಬೇಡ ಅಂದವರೇ ಅದು ಚೊಗರಿನ ಬಣ್ಣವೇ ಇರಬೇಕು ಅಂದರು. ಎಂಜೈಮ್ ಸಾಯಲಿ ಅಂತ ಹತ್ತು ನಿಮಿಷ ಕುದಿಸಿದ ಸ್ಯಾಂಪಲ್ ಇಟ್ಟೆ, ಪೆರಾಕ್ಸೈಡ್ ಹಾಕದ ಸ್ಯಾಂಪಲ್ ಇಟ್ಟೆ. ಎರಡೂ ನೀರಿನ ಹಾಗೆ ಕೂತವು, ಕುದಿಸದೆ, ಪೆರಾಕ್ಸೈಡ್ ಹಾಕಿದ ಮೂರನೆಯದು ಮಾತ್ರ ಕೆಂಪಗಾಯ್ತು. ಆಮೇಲೆ ಯಾರೂ ಮಾತಾಡಲಿಲ್ಲ. ಈ ಸಿಪ್ಪೆಯಲ್ಲಿ ಇಷ್ಟು ಚೊಕ್ಕವಾಗಿ ತೆಗೆದದ್ದನ್ನು ನಮ್ಮ ಕಡೆ ನಾನಂತೂ ನೋಡಿಲ್ಲ.

ಮಳೆಗಾಲದಲ್ಲಿ ಇದೇ ವಿಧಾನ ಕಳಲೆಗೂ ಹಾಕಿದೆ. ಕತ್ತರಿಸಿ ಹೊರಗಿಟ್ಟ ಕಳಲೆ ಮೂರನೇ ದಿನಕ್ಕೆ ನಾರಾಗುತ್ತೆ, ಅಲ್ವಾ? ಬುಡದ ಕಡೆ ಪೆರಾಕ್ಸಿಡೇಸ್ ಎರಡು ಪಟ್ಟು ಏರಿತ್ತು, ಫ್ರಿಜ್‌ನಲ್ಲಿ ಇಟ್ಟದ್ದರಲ್ಲಿ ಅಷ್ಟಿಲ್ಲ. ಲಿಗ್ನಿನ್ ಇದ್ದಲ್ಲಿ ಗುಲಾಬಿ ಬಣ್ಣ ತೋರಿಸುವ ಫ್ಲೋರೋಗ್ಲುಸಿನಾಲ್, ಆಸಿಡ್ ಹಾಕಿದ ತೆಳು ಹೋಳಿನಲ್ಲೂ ನಾಳಗಳ ಸುತ್ತ ಗುಲಾಬಿ ಉಂಗುರ ದಪ್ಪಗಾಗಿತ್ತು.

ಲಿಗ್ನಿನ್ ದಾರಿಯ ಶುರುವಿನಲ್ಲಿ ಸಿನಾಮಿಕ್ ಆಸಿಡ್ ಮಾಡುವ ಎಂಜೈಮ್ ಪಿಎಎಲ್ ಅಳೆಯೋದು ಇನ್ನೂ ಬಾಕಿ. ಆ ಆಸಿಡನ್ನು 290 ನ್ಯಾನೋಮೀಟರ್‌ನಲ್ಲಿ ಓದಬೇಕು, ನಮ್ಮ ಯಂತ್ರದ ಯುವಿ ಲ್ಯಾಂಪ್ ಸತ್ತಿದೆ, ಹೊಸದಕ್ಕೆ ಇಪ್ಪತ್ತು ಸಾವಿರದ ಹತ್ತಿರ ಕೇಳುತ್ತಾರೆ. ಈ ಸಲದ ಕೊನೆ ಕೊಯ್ಲಿನ ದುಡ್ಡು ಬಂದ ಕೂಡಲೇ ತರಿಸ್ತೀನಿ.