ಫ್ಲ್ಯಾಟ್, ಸೈಟು ಮಾರಿಸುವ ಏಜೆಂಟರಿಗೆ ರೇರಾ ನೋಂದಣಿ: ಪಡೆಯುವುದು ಹೇಗೆ?

‘ಸೈಟು ಮಾರಿಸಿಕೊಡಲಿಕ್ಕೂ ಲೈಸೆನ್ಸೇ?’ ಎಂದು ಹುಬ್ಬೇರಿಸುವ ದಲ್ಲಾಳಿಗಳು ಈಗಲೂ ಇದ್ದಾರೆ. ರಿಯಲ್ ಎಸ್ಟೇಟ್ ಕಾಯ್ದೆ ಬಂದದ್ದು 2016ರಲ್ಲಿ, ಕರ್ನಾಟಕದ ನಿಯಮಗಳು ಜಾರಿಯಾದದ್ದು 2017ರ ಜುಲೈನಲ್ಲಿ. ಈ ಕಾಯ್ದೆಯಡಿ ರಚನೆಯಾದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅಂದರೆ ರೇರಾದಲ್ಲಿ ನೋಂದಾಯಿತವಾದ ಯೋಜನೆಯ ಫ್ಲ್ಯಾಟನ್ನೋ ನಿವೇಶನವನ್ನೋ ಕಮಿಷನ್ ಪಡೆದು ಮಾರಿಸಬೇಕಾದರೆ ಏಜೆಂಟರೂ ನೋಂದಣಿ ಮಾಡಿಸಿಕೊಂಡಿರಬೇಕು ಎನ್ನುತ್ತದೆ ಕಾಯ್ದೆಯ 9ನೇ ಸೆಕ್ಷನ್.

ನಿಮಗೆ ಇದು ಬೇಕೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಬಾಡಿಗೆ ಮನೆ ತೋರಿಸಿ ಒಂದು ತಿಂಗಳ ಬಾಡಿಗೆಯನ್ನು ಕಮಿಷನ್ ಆಗಿ ಪಡೆಯುವವರಿಗೆ ಬೇಡ. ಹಳೆಯ ಬಡಾವಣೆಯ ಸ್ವತಂತ್ರ ಮನೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ಕೊಡಿಸುವವರೂ ಇದರ ವ್ಯಾಪ್ತಿಗೆ ಬರುವುದಿಲ್ಲ. ಬಿಲ್ಡರ್‌ನ ಹೊಸ ಅಪಾರ್ಟ್‌ಮೆಂಟ್ ಅಥವಾ ಹೊಸ ಲೇಔಟ್ ಎಂದೊಡನೆ ಲೆಕ್ಕ ಬದಲಾಗುತ್ತದೆ. ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೇ ಫ್ಲ್ಯಾಟುಗಳು ಎಂಟನ್ನು ದಾಟದಿದ್ದರೆ ಆ ಯೋಜನೆಗೆ ನೋಂದಣಿಯ ಕಡ್ಡಾಯವಿಲ್ಲ. ಉಳಿದವಕ್ಕೆ ಇದೆ.

ಎರಡನೆಯ ತೀರ್ಮಾನವೇ ದುಬಾರಿಯದು: ಅರ್ಜಿ ವ್ಯಕ್ತಿಯ ಹೆಸರಿನಲ್ಲೋ, ಸಂಸ್ಥೆಯ ಹೆಸರಿನಲ್ಲೋ? ಕರ್ನಾಟಕದಲ್ಲಿ ವ್ಯಕ್ತಿಗೆ ಶುಲ್ಕ 25,000 ರೂಪಾಯಿ. ಪಾಲುದಾರಿಕೆ ಸಂಸ್ಥೆಯೋ ಕಂಪನಿಯೋ ಆದರೆ 2 ಲಕ್ಷ. ಗೆಳೆಯರಿಬ್ಬರು ಸೇರಿ ಉತ್ಸಾಹದಿಂದ ಪಾಲುದಾರಿಕೆ ಪತ್ರ ಬರೆಸಿ, ಆಮೇಲೆ ಶುಲ್ಕ ನೋಡಿ ತಲೆಯ ಮೇಲೆ ಕೈ ಹೊತ್ತು ಕೂರುವುದಕ್ಕಿಂತ, ಒಬ್ಬೊಬ್ಬರೂ ಬೇರೆಯಾಗಿ ನೋಂದಾಯಿಸಿಕೊಂಡರೆ ಇಬ್ಬರಿಗೂ ಸೇರಿ 50,000 ರೂಪಾಯಿಯಲ್ಲಿ ಮುಗಿಯುತ್ತದೆ. ಸಣ್ಣ ಏಜೆಂಟರಿಗೆ ಈ 2 ಲಕ್ಷ ಹೊರೆಯೇ ಸರಿ.

ಅರ್ಜಿ ಸಲ್ಲಿಸುವುದು ಕರ್ನಾಟಕ ರೇರಾದ ಜಾಲತಾಣದಲ್ಲಿ, ನಮೂನೆ ‘ಜಿ’ಯಲ್ಲಿ. ಪ್ಯಾನ್ ಕಾರ್ಡ್, ಫೋಟೊ, ವ್ಯವಹಾರ ನಡೆಸುವ ಜಾಗದ ವಿಳಾಸದ ದಾಖಲೆ, ಹಿಂದಿನ ಮೂರು ವರ್ಷಗಳ ಆದಾಯ ತೆರಿಗೆ ರಿಟರ್ನ್‌ಗಳನ್ನು ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ರಿಟರ್ನ್ ಸಲ್ಲಿಸಬೇಕಾದಷ್ಟು ಆದಾಯ ಇಲ್ಲದಿದ್ದರೆ ಹಾಗೆಂದು ಘೋಷಣೆ ಕೊಡಬೇಕು. ಸಂಸ್ಥೆಯಾದರೆ ಅದರ ನೋಂದಣಿ ಪತ್ರಗಳೂ ಪಾಲುದಾರರ ಅಥವಾ ನಿರ್ದೇಶಕರ ವಿವರಗಳೂ ಸೇರುತ್ತವೆ. ಪ್ಯಾನ್‌ನಲ್ಲಿರುವ ಹೆಸರು, ಅರ್ಜಿಯಲ್ಲಿರುವ ಹೆಸರು ಇನಿಷಿಯಲ್ ಸಮೇತ ಒಂದೇ ರೀತಿ ಇರಲಿ.

ಪ್ರಾಧಿಕಾರ 30 ದಿನಗಳಲ್ಲಿ ತೀರ್ಮಾನಿಸಬೇಕು. ತಿರಸ್ಕರಿಸುವ ಮುನ್ನ ನಿಮ್ಮ ಅಹವಾಲು ಕೇಳಲೇಬೇಕು. ಅವಧಿ ಮುಗಿದರೂ ಕೊರತೆಯ ಬಗ್ಗೆಯಾಗಲಿ ತಿರಸ್ಕಾರದ ಬಗ್ಗೆಯಾಗಲಿ ಮಾತೇ ಬರದಿದ್ದರೆ ನೋಂದಣಿ ಆದಂತೆಯೇ ಎಂದು ಕಾಯ್ದೆ ಹೇಳುತ್ತದೆ. ಅದನ್ನು ನಂಬಿ ಮಾರಾಟಕ್ಕೆ ಇಳಿಯಬೇಡಿ ಎಂಬುದು ನನ್ನ ಸಲಹೆ. ಮಾಡಿಸುವ ಪ್ರತಿ ಮಾರಾಟದಲ್ಲೂ ನೋಂದಣಿ ಸಂಖ್ಯೆ ನಮೂದಿಸಬೇಕು ಎಂದೂ ಅದೇ ಕಾಯ್ದೆ ಹೇಳುತ್ತದಲ್ಲ! ಬೆಂಗಳೂರಿನ ಮಿಷನ್ ರಸ್ತೆ ಬಳಿಯ ಕಚೇರಿಯಲ್ಲಿ ವಿಚಾರಿಸಿ, ಸಂಖ್ಯೆ ಕೈಗೆ ಬಂದ ಮೇಲೆಯೇ ಗಿರಾಕಿಗಳನ್ನು ಕರೆದೊಯ್ಯಿರಿ.

ಆ ಉದ್ದದ ಸಂಖ್ಯೆಯನ್ನು ಓದಲು ಖರೀದಿದಾರರೂ ಕಲಿಯಬೇಕು. ನಡುವೆ ‘ಪಿಆರ್’ ಎಂದಿದ್ದರೆ ಅದು ಯೋಜನೆಯದು, ‘ಎಜಿ’ ಎಂದಿದ್ದರೆ ಏಜೆಂಟರದು. ಬಿಲ್ಡರ್‌ನ ‘ಪಿಆರ್’ ಸಂಖ್ಯೆಯನ್ನೇ ತಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿಕೊಂಡವರು ನೋಂದಾಯಿತ ಏಜೆಂಟರಾಗುವುದಿಲ್ಲ. ಜಾಲತಾಣದಲ್ಲಿ ಎರಡೂ ಪಟ್ಟಿಗಳಿವೆ, ಹುಡುಕಲು ಎರಡು ನಿಮಿಷ ಸಾಕು.

ಇಲ್ಲಿಯವರೆಗಿನದು ಬರೀ ಕಾಗದದ ಕೆಲಸ. ಕಷ್ಟ ಇರುವುದು ಆಮೇಲೆ. ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ನೋಂದಣಿಯಾಗಬೇಕಿದ್ದೂ ಆಗದ ಯೋಜನೆಯನ್ನು ಏಜೆಂಟರು ಮಾರಿಸುವಂತಿಲ್ಲ. ‘ಮುಂದಿನ ತಿಂಗಳು ರೇರಾ ಬರುತ್ತದೆ, ಈಗ ಬುಕ್ ಮಾಡಿದರೆ ಅಗ್ಗ’ ಎಂಬ ಮಾತು ಇಲ್ಲಿ ಸಿಕ್ಕಿಬೀಳುತ್ತದೆ. ಇಲ್ಲದ ಈಜುಕೊಳ, ಮಂಜೂರಾಗದ ರಸ್ತೆ ಇದೆಯೆಂದು ಹೇಳುವಂತಿಲ್ಲ. ಬುಕಿಂಗ್ ಹೊತ್ತಿಗೆ ಖರೀದಿದಾರರಿಗೆ ಸಲ್ಲಬೇಕಾದ ಎಲ್ಲ ದಾಖಲೆ ಸಿಗುವಂತೆ ನೋಡಿಕೊಳ್ಳಬೇಕು, ಲೆಕ್ಕಪುಸ್ತಕ ಇಡಬೇಕು. ಟೋಕನ್ ವಿಷಯದಲ್ಲೂ ಎಚ್ಚರ: ಮಾರಾಟದ ಕರಾರು ನೋಂದಣಿಯಾಗುವ ಮುನ್ನ ಬಿಲ್ಡರ್ ಶೇ 10ಕ್ಕಿಂತ ಹೆಚ್ಚು ಹಣ ಪಡೆಯುವಂತಿಲ್ಲ. 60 ಲಕ್ಷದ ಫ್ಲ್ಯಾಟಿಗೆ ಅದು 6 ಲಕ್ಷ. ಹೆಚ್ಚು ಕೊಡಿ ಎಂದು ಗಿರಾಕಿಯ ಬೆನ್ನು ಹತ್ತುವ ಕೆಲಸವನ್ನು ಏಜೆಂಟರು ಒಪ್ಪಿಕೊಳ್ಳಬಾರದು.

ತಪ್ಪಿದರೆ ದಂಡ ದಿನಕ್ಕೆ 10,000 ರೂಪಾಯಿ, ಒಟ್ಟು ಮೊತ್ತ ಆ ಆಸ್ತಿಯ ಬೆಲೆಯ ಶೇ 5ರವರೆಗೆ. ಅದೇ 60 ಲಕ್ಷದ ಫ್ಲ್ಯಾಟಿನ ಲೆಕ್ಕದಲ್ಲಿ 3 ಲಕ್ಷ, ಅಂದರೆ 30 ದಿನಗಳಲ್ಲೇ ಪೂರ್ತಿ ಮೊತ್ತ ತಲುಪಿಬಿಡುತ್ತದೆ. ವಂಚನೆ ಸಾಬೀತಾದರೆ ನೋಂದಣಿಯೇ ರದ್ದಾಗಬಹುದು. ಕಮಿಷನ್ ಎಷ್ಟಿರಬೇಕೆಂದು ಮಾತ್ರ ಕಾಯ್ದೆ ಹೇಳಿಲ್ಲ, ಆದ್ದರಿಂದ ಅದನ್ನು ಮೊದಲೇ ಬರವಣಿಗೆಯಲ್ಲಿ ಇಟ್ಟುಕೊಳ್ಳಿ.

ಒಂದು ನೋಂದಣಿ ಇಡೀ ರಾಜ್ಯಕ್ಕೆ ಸಲ್ಲುತ್ತದೆ. ಆನೇಕಲ್‌ನಲ್ಲೂ ಕಲಬುರಗಿಯಲ್ಲೂ ಅದೇ ಸಾಕು, ಅತ್ತಿಬೆಲೆ ದಾಟಿ ಹೊಸೂರಿನ ಯೋಜನೆ ಮಾರಿಸಲು ತಮಿಳುನಾಡಿನ ನೋಂದಣಿ ಬೇರೆ ಬೇಕು. ಮಹಾರಾಷ್ಟ್ರದಲ್ಲಿ 2023ರಲ್ಲಿ ಏಜೆಂಟರಿಗೆ ತರಬೇತಿ, ಪರೀಕ್ಷೆಗಳನ್ನೂ ಕಡ್ಡಾಯ ಮಾಡಲಾಗಿದೆ.

ನೋಂದಣಿಯ ಆಯುಷ್ಯ ಐದು ವರ್ಷ. ನವೀಕರಣದ ಅರ್ಜಿ ನಮೂನೆ ‘ಜೆ’ಯಲ್ಲಿ, ಅವಧಿ ಮುಗಿಯುವ ಮೂರು ತಿಂಗಳು ಮೊದಲೇ ಹೋಗಬೇಕು. ಪ್ರಮಾಣಪತ್ರವನ್ನು ಕಚೇರಿಯ ಗೋಡೆಗೆ ತೂಗುಹಾಕುವ ದಿನವೇ ಆ ತಾರೀಖನ್ನು ಮೊಬೈಲಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ.